ಹ್ಯಾಗಿಸ್ ಜೊತೆ ಎಂಬತ್ತು ಶಿಲ್ಲಿಂಗ್

ಜನವರಿ ಎರಡನೇ ವಾರ ಕಳೆಯಿತೆಂದರೆ ಎಡಿನ್‌ಬರೋದ ಬಂದರು ಬಡಾವಣೆ ಲೀತ್‌ನ ನಮ್ಮ ಬೀದಿಯ ಮಾಂಸದಂಗಡಿಯಲ್ಲಿ ಗಾಜಿನ ಹಿಂದೆ ಹ್ಯಾಗಿಸ್‌ಗಳು ಸಾಲಾಗಿ ಕೂರುತ್ತವೆ. ಕುರಿಯ ಒಳಾಂಗ, ಓಟ್ಸ್ ತುಂಬಿದ ಉಂಡೆಗಳು. ಬೂದು ಬಣ್ಣ, ಉಬ್ಬಿದ ಹೊಟ್ಟೆ, ಎರಡೂ ತುದಿಯಲ್ಲಿ ಗಂಟು. 25ನೇ ತಾರೀಕು ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ದಿನ. ಅವತ್ತು ರಾತ್ರಿ ಎಡಿನ್‌ಬರೋದ ಎಷ್ಟೋ ಮನೆಗಳಲ್ಲಿ ಹ್ಯಾಗಿಸ್ ಬೇಯುತ್ತಿರುತ್ತದೆ. ನಮ್ಮ ಮನೆಯಲ್ಲೂ.

"ಇದರ ಜೊತೆ ಏನು ಕುಡಿಯಬೇಕು?" ಅಂತ ಈ ವಾರ ಮೂರು ಜನ ಕೇಳಿದರು. ಮೂವರಿಗೂ ಒಂದೇ ಉತ್ತರ ಕೊಟ್ಟೆ. ಬಿಯರ್. ಅದರಲ್ಲೂ ಎಂಬತ್ತು ಶಿಲ್ಲಿಂಗ್ ಅನ್ನುವ ಬಿಯರ್. ಇಬ್ಬರು ತಕ್ಷಣ, "ವಿಸ್ಕಿ ಅಲ್ವಾ?" ಅಂದರು. ಅವರಿಗೆ ಫೋನಿನಲ್ಲಿ ಹೇಳಿ ಮುಗಿಸಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ವಿಸ್ಕಿಯ ಮೇಲೆ ನನಗೇನೂ ಸಿಟ್ಟಿಲ್ಲ. ಹ್ಯಾಗಿಸ್ ಕತ್ತರಿಸುವಾಗ ಗ್ಲಾಸ್ ಎತ್ತಿ ಒಂದು ಗುಟುಕು ಕುಡಿಯೋಣ, ಅದು ಇಲ್ಲಿನ ಪದ್ಧತಿ. ಆದರೆ ಊಟ ಅಂದರೆ ಅರ್ಧ ಗಂಟೆಯ ಮಾತು. ತುತ್ತಿನ ನಡುವೆ ಬಾಯಿ ತುಂಬ ಕುಡಿಯಲು ಏನಾದರೂ ಬೇಕು. 40 ಶೇಕಡಾ ಆಲ್ಕೋಹಾಲ್ ಇರುವ ವಿಸ್ಕಿಯನ್ನು ಹಾಗೆ ಕುಡಿಯಲು ಆಗುವುದಿಲ್ಲ. ನಾಲ್ಕನೇ ಗುಟುಕಿಗೆ ನಾಲಿಗೆ ಮರಗಟ್ಟಿ ಊಟದ ರುಚಿಯೇ ಸಿಗುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಇಲ್ಲಿ ಬಿಯರಿನ ಪಾಡು ಅದೇ. ಜಗತ್ತೆಲ್ಲ ಸ್ಕಾಟ್ಲೆಂಡಿನ ವಿಸ್ಕಿ ಹುಡುಕಿಕೊಂಡು ಬರುತ್ತದೆ. ಅದೇ ಬಾರ್ಲಿಯಿಂದ ಮಾಡಿದ ಬಿಯರ್ ಪಕ್ಕದಲ್ಲೇ ಇದ್ದರೂ ಕಣ್ಣಿಗೆ ಬೀಳುವುದಿಲ್ಲ.

ನಾನು ಇಲ್ಲಿಗೆ ಬಂದಿದ್ದು 2017ರಲ್ಲಿ, ಹೆರಿಯಟ್-ವಾಟ್ ವಿಶ್ವವಿದ್ಯಾಲಯದಲ್ಲಿ ಬ್ರೂಯಿಂಗ್ ಓದಲು. ನಗರದ ಹೊರಗೆ ರಿಕಾರ್ಟನ್ನಿನಲ್ಲಿ ಅದರ ಕ್ಯಾಂಪಸ್. ಈಗ ನನ್ನ ಕೆಲಸ ಮಾಲ್ಟ್ ಪರೀಕ್ಷೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ದಿನವಿಡೀ ಪುಡಿ ಮಾಡುವುದು, ನೆನೆಸುವುದು, ಬಣ್ಣ ನೋಡುವುದು. ಹಾಗಾಗಿ ಬಿಯರಿನ ಬಗ್ಗೆ ಮಾತು ಬಂದರೆ ನಾನು ಮೊದಲು ಕಹಿ ಕೊಡುವ ಹಾಪ್ಸ್ ಹೂವಿನ ಬಗ್ಗೆ ಅಲ್ಲ, ಮಾಲ್ಟ್ ಬಗ್ಗೆ ಯೋಚಿಸುತ್ತೇನೆ. ಆದರೂ 2019ರ ಬರ್ನ್ಸ್ ರಾತ್ರಿ ನಾನೇ ತಪ್ಪು ಮಾಡಿದೆ.

ಅವತ್ತು ಆರು ಜನ ಊಟಕ್ಕೆ ಬಂದಿದ್ದರು. ನಾನು ನನಗೆ ಬಹಳ ಇಷ್ಟವಾದ ಒಂದು ಐಪಿಎ, ಅಂದರೆ ಹಾಪ್ಸ್ ಜಾಸ್ತಿ ಹಾಕಿದ ಕಹಿ ಬಿಯರ್, ತಂದಿಟ್ಟಿದ್ದೆ. 7 ಶೇಕಡಾ, ಅಮೆರಿಕದ ಹಾಪ್ಸ್, ಮೂಗಿಗೆ ಹಿಡಿದರೆ ಮಾವು, ಕಿತ್ತಳೆ ಸಿಪ್ಪೆ, ಪೈನ್ ಮರದ ಘಮ. ಬರೀ ಅದನ್ನೇ ಕುಡಿದರೆ ಎಷ್ಟು ಚೆನ್ನಾಗಿತ್ತು! ಹ್ಯಾಗಿಸ್ ಒಂದು ತುತ್ತು ತಿಂದು ಅದನ್ನು ಕುಡಿದೆವು. ಹ್ಯಾಗಿಸ್‌ನಲ್ಲಿ ಕರಿಮೆಣಸು ಜಾಸ್ತಿ. ಆ ಖಾರಕ್ಕೆ ಹಾಪ್ಸ್‌ನ ಕಹಿ ಸೇರಿ ಗಂಟಲವರೆಗೆ ಚುರುಗುಟ್ಟಿತು. ಲಿವರಿನ ಒಂದು ಸಣ್ಣ ಕಹಿ ಇರುತ್ತದಲ್ಲ, ಅದೂ ಎದ್ದು ಮುಂದೆ ಬಂತು. ಮೊದಲ ಬಾರಿ ಹ್ಯಾಗಿಸ್ ತಿನ್ನುತ್ತಿದ್ದ ಒಬ್ಬ ಗೆಳತಿ ಮೆಲ್ಲಗೆ ಚಮಚ ಕೆಳಗಿಟ್ಟಳು. ಹ್ಯಾಗಿಸ್ಸೇ ಹೀಗೆ ಅಂತ ಅವಳು ತಿಳಿದುಕೊಂಡಳು. ನನಗೆ ಅದೇ ಬೇಜಾರು. ಹ್ಯಾಗಿಸ್ ತಪ್ಪು ಏನೂ ಇರಲಿಲ್ಲ.

ಅಡುಗೆಮನೆಯ ಕಪಾಟಿನಲ್ಲಿ ಎಂಬತ್ತು ಶಿಲ್ಲಿಂಗಿನ ಎರಡು ಬಾಟಲಿ ಇದ್ದವು. ಫ್ರಿಜ್ಜಿನಲ್ಲೂ ಇಟ್ಟಿರಲಿಲ್ಲ. ಬೇರೆ ದಾರಿ ಇಲ್ಲದೆ ಅದನ್ನು ತೆಗೆದು ಆರು ಗ್ಲಾಸಿಗೆ ಹಂಚಿದೆ. ಆ ಗೆಳತಿ ಒಂದು ಗುಟುಕು ಕುಡಿದು, ಮತ್ತೆ ಚಮಚ ಎತ್ತಿಕೊಂಡಳು. ತಟ್ಟೆ ಖಾಲಿ ಮಾಡಿದಳು.

ಯಾಕೆ ಹೀಗಾಯಿತು? ಹ್ಯಾಗಿಸ್ ಒಳಗೆ ಏನಿದೆ ಅಂತ ನೋಡಿದರೆ ಗೊತ್ತಾಗುತ್ತದೆ. ಕುರಿಯ ಗುಂಡಿಗೆ, ಲಿವರ್, ಶ್ವಾಸಕೋಶ. ಗಟ್ಟಿ ಕೊಬ್ಬು, ಈರುಳ್ಳಿ, ಒರಟಾಗಿ ಒಡೆದ ಓಟ್ಸ್. ಆಮೇಲೆ ಕರಿಮೆಣಸು, ಜಾಯಿಕಾಯಿ ಥರದ ಮಸಾಲೆ. ಇದನ್ನೆಲ್ಲ ಮೊದಲು ಕುರಿಯ ಹೊಟ್ಟೆಚೀಲದಲ್ಲಿ ತುಂಬುತ್ತಿದ್ದರು, ಈಗ ಹೆಚ್ಚಾಗಿ ಬೇರೆ ಹೊದಿಕೆ. ಅಂಗಡಿಯಿಂದ ತಂದದ್ದು ಮೊದಲೇ ಬೆಂದಿರುತ್ತದೆ. ನಾವು ಬಿಸಿ ಮಾಡಿದರೆ ಸಾಕು. ನಾನು ಫಾಯಿಲ್‌ನಲ್ಲಿ ಸುತ್ತಿ ನೀರಿನಲ್ಲಿ ಇಡುತ್ತೇನೆ. ನೀರು ಕುದಿಯಬಾರದು, ಸುಮ್ನೆ ಸಣ್ಣಗೆ ಗುಳುಗುಳು ಅನ್ನುತ್ತಿರಬೇಕು. ಜೋರಾಗಿ ಕುದಿಸಿದರೆ ಒಡೆದುಕೊಂಡು ಎಲ್ಲವೂ ನೀರುಪಾಲು. ಒಂದು ಗಂಟೆ ಆದ ಮೇಲೆ ತೆಗೆದು, ಚಾಕುವಿನ ತುದಿಯಿಂದ ಉದ್ದಕ್ಕೆ ಒಂದು ಗೀರು ಹಾಕಿದರೆ ಹೊದಿಕೆ ಹಿಂದಕ್ಕೆ ಸರಿದು ಒಳಗಿನದು ತಾನಾಗಿ ಹೊರಗೆ ಬರುತ್ತದೆ. ಆವಿಯ ಜೊತೆ ಮೊದಲು ಬರುವುದು ಮೆಣಸಿನ ವಾಸನೆ. ಅದರ ಹಿಂದೆ ಹುರಿದ ಓಟ್ಸ್ ವಾಸನೆ. ಎಷ್ಟು ಸಲ ಮಾಡಿದರೂ ನಾನು ಆ ಕ್ಷಣಕ್ಕೆ ತಟ್ಟೆಯ ಮೇಲೆ ಬಾಗಿ ನಿಲ್ಲುತ್ತೇನೆ.

ಓಟ್ಸ್‌ನ ಆ ವಾಸನೆಗೆ ಜೊತೆ ಮಾಲ್ಟ್. ಎರಡೂ ಒಂದೇ ಬಳಗದ ಧಾನ್ಯಗಳು, ಎರಡರಲ್ಲೂ ಬಿಸಿ ತಾಗಿದ ಕಾಳಿನ ಘಮ ಇದೆ. ಎಂಬತ್ತು ಶಿಲ್ಲಿಂಗ್ ಬಿಯರ್ ಕೆಂಪು ಕಂದು ಬಣ್ಣ. ಬ್ರೆಡ್ಡಿನ ಕಂದು ಅಂಚು, ಸ್ವಲ್ಪ ಕ್ಯಾರಮೆಲ್, ಕೊನೆಗೆ ಹುರಿದ ಬಾರ್ಲಿಯ ಒಂದು ಒಣ ರುಚಿ. ಕಹಿ ಇದೆ, ಆದರೆ ತಗ್ಗಿ ನಡೆಯುತ್ತದೆ. ಸಿಹಿ ಅಂಶ ಮೆಣಸಿನ ಖಾರವನ್ನು ಹಿಡಿದು ಕೂರಿಸುತ್ತದೆ. ನೊರೆ ಕೊಬ್ಬಿನ ಜಿಡ್ಡನ್ನು ನಾಲಿಗೆಯಿಂದ ಎತ್ತಿಕೊಂಡು ಹೋಗುತ್ತದೆ. ಪಕ್ಕದಲ್ಲಿ ನೀಪ್ಸ್ ಮತ್ತು ಟ್ಯಾಟೀಸ್ ಇರುತ್ತದೆ. ನೀಪ್ಸ್ ಅಂದರೆ ಹಳದಿ ತಿರುಳಿನ ದಪ್ಪ ಟರ್ನಿಪ್, ಟ್ಯಾಟೀಸ್ ಅಂದರೆ ಆಲೂಗಡ್ಡೆ. ಎರಡನ್ನೂ ಬೇಯಿಸಿ ಬೆಣ್ಣೆ ಹಾಕಿ ಕಿವುಚಿದ್ದು. ನೀಪ್ಸ್‌ನ ಆ ಮಣ್ಣಿನ ಸಿಹಿ ಬಿಯರಿನ ಕ್ಯಾರಮೆಲ್‌ಗೆ ಸರಿಯಾಗಿ ಹೊಂದುತ್ತದೆ. ನೀಪ್ಸ್ ಬಿಟ್ಟು ಬರೀ ಹ್ಯಾಗಿಸ್ ತಿಂದರೆ ಈ ಜೋಡಿ ಅರ್ಧವೇ ಅಂತ ನನ್ನ ಅಭಿಪ್ರಾಯ.

ಮಾಂಸ ತಿನ್ನದವರೂ ಇದನ್ನು ಬಿಟ್ಟುಕೊಡಬೇಕಾಗಿಲ್ಲ. ಎಡಿನ್‌ಬರೋದ ಮ್ಯಾಕ್‌ಸ್ವೀನ್ ಅಂಗಡಿಯವರು 1984ರಲ್ಲಿ ಸ್ಕಾಟಿಷ್ ಪೊಯೆಟ್ರಿ ಲೈಬ್ರರಿ ಶುರುವಾದಾಗ ಸಸ್ಯಾಹಾರಿ ಹ್ಯಾಗಿಸ್ ಮಾಡಿಕೊಟ್ಟರು. ಬೇಳೆಕಾಳು, ಓಟ್ಸ್, ತರಕಾರಿ, ಬೀಜಗಳು, ಅದೇ ಮಸಾಲೆ. ಅದಕ್ಕೂ ಇದೇ ಬಿಯರ್. ಕೊಬ್ಬು ಕಡಿಮೆ ಇರುವುದರಿಂದ ಒಂದು ಮೆಟ್ಟಿಲು ಕೆಳಗಿನ ಎಪ್ಪತ್ತು ಶಿಲ್ಲಿಂಗ್ ಇನ್ನೂ ಚೆನ್ನ.

ಈ ಶಿಲ್ಲಿಂಗ್ ಲೆಕ್ಕ ಏನು ಅಂತ ಹೇಳಲೇ ಇಲ್ಲ, ಅಲ್ವಾ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿ ಬಿಯರಿನ ಹೆಸರಿಗೆ ಒಂದು ಪೀಪಾಯಿಯ ಬೆಲೆಯನ್ನೇ ಇಡುತ್ತಿದ್ದರು. ಗಟ್ಟಿ ಬಿಯರ್ ಅಂದರೆ ಹೆಚ್ಚು ಬೆಲೆ. ಬರೆಯುವುದು 60/-, 70/-, 80/- ಅಂತ. ಆಗ ಪೌಂಡಿಗೆ 20 ಶಿಲ್ಲಿಂಗ್, ಹಾಗಾಗಿ 80/- ಅಂದರೆ 4 ಪೌಂಡ್. 1971ರಲ್ಲಿ ಬ್ರಿಟನ್ನು ಶಿಲ್ಲಿಂಗ್ ಬಿಟ್ಟಿತು. ಪಬ್ ಬಿಡಲಿಲ್ಲ. 60/- ಅನ್ನು ಲೈಟ್ ಅನ್ನುತ್ತಾರೆ, 70/- ಹೆವಿ, 80/- ಎಕ್ಸ್‌ಪೋರ್ಟ್. ಲೈಟ್ ಅಂದರೆ ಬಣ್ಣ ತಿಳಿ ಅಂತ ಅಲ್ಲ. ಕಪ್ಪಗೇ ಇರಬಹುದು, ಆಲ್ಕೋಹಾಲ್ ಕಡಿಮೆ ಅಂತ ಅರ್ಥ. ಹೆವಿ ಅನ್ನುವುದೂ ನಾಲ್ಕು ಶೇಕಡಾ ಆಸುಪಾಸಿನದೇ. ಹೆಸರು ಕೇಳಿ ಹೆದರಬೇಡಿ. ಇವೆಲ್ಲಕ್ಕಿಂತ ಮೇಲೆ ವೀ ಹೆವಿ. ವೀ ಅಂದರೆ ಪುಟ್ಟದು. ಪುಟ್ಟ ಬಾಟಲಿಯಲ್ಲಿ ಬರುವ ಬಲವಾದ ಬಿಯರ್. ಅದರ ಮಾತು ಕೊನೆಗೆ.

ಸ್ಕಾಟ್ಲೆಂಡಿನಲ್ಲಿ ಹಾಪ್ಸ್ ಬೆಳೆಯುವುದಿಲ್ಲ, ಅದಕ್ಕೇ ಇಲ್ಲಿಯವರು ಹಾಪ್ಸ್ ಹಾಕುತ್ತಿರಲಿಲ್ಲ ಅನ್ನುವ ಕಥೆಯನ್ನು ನೀವು ಕೇಳಿರಬಹುದು. ನಂಬಬೇಡಿ. ಎಡಿನ್‌ಬರೋದ ಬಾವಿ ನೀರು ಗಡಸು, ಅದರಲ್ಲಿ ಜಿಪ್ಸಮ್ ಇದೆ. ತಿಳಿ ಬಣ್ಣದ ಕಹಿ ಬಿಯರ್ ಪೇಲ್ ಏಲ್‌ಗೆ ಆ ನೀರು ಹೇಳಿ ಮಾಡಿಸಿದ್ದು. ಯಂಗರ್, ಮ್ಯಾಕ್‌ಯೂವನ್ ಬ್ರೂವರಿಗಳು ಹಾಪ್ಸ್ ತುಂಬಿದ ಬಿಯರನ್ನು ಹಡಗಿನಲ್ಲಿ ದೂರದ ದೇಶಗಳಿಗೆ ಕಳಿಸುತ್ತಿದ್ದವು. ಹಾಗೆಯೇ, ಸ್ಕಾಟಿಷ್ ಬಿಯರಿಗೆ ಪೀಟ್ ಅನ್ನುವ ಜೌಗು ಮಣ್ಣು ಸುಟ್ಟ ಹೊಗೆಯ ರುಚಿ ಇರಬೇಕು ಅನ್ನುವುದೂ ಹೊರಗಿನವರು ವಿಸ್ಕಿ ನೋಡಿ ಕಟ್ಟಿಕೊಂಡದ್ದು. ಹೊಗೆ ಬೇಕಾದರೆ ತಟ್ಟೆಯಲ್ಲಿರುವ ಮೀನಿನಲ್ಲಿ ಬೇಕಾದಷ್ಟಿದೆ. ಗ್ಲಾಸಿನಲ್ಲೂ ಯಾಕೆ?

ಇನ್ನೊಂದು ಮಾತು. 80/- ಅನ್ನು ಫ್ರಿಜ್ಜಿನಿಂದ ನೇರವಾಗಿ ಸುರಿಯಬೇಡಿ. ತೀರಾ ತಣ್ಣಗಿದ್ದರೆ ಮಾಲ್ಟ್ ಬಾಯಿ ಬಿಡುವುದಿಲ್ಲ. ನೆಲಮಾಳಿಗೆಯ ತಂಪು ಸಾಕು, 11 ಅಥವಾ 12 ಡಿಗ್ರಿ. ನಾನು ಊಟಕ್ಕೆ ಮುಕ್ಕಾಲು ಗಂಟೆ ಮೊದಲು ಬಾಟಲಿ ತೆಗೆದು ಹೊರಗಿಡುತ್ತೇನೆ. ಪಬ್ಬಿನಲ್ಲಿ ಕುಡಿಯಬೇಕು ಅಂದರೆ ವಿಕ್ಟೋರಿಯಾ ಬೀದಿಯ ಹತ್ತಿರ ಬೋ ಬಾರ್ ಇದೆ. ಅಲ್ಲಿ ಟಾಲ್ ಫೌಂಟ್ ಅನ್ನುವ ಎತ್ತರದ ಹಳೇ ನಲ್ಲಿಗಳಿವೆ. ಪಂಪ್ ಎಳೆಯುವುದಿಲ್ಲ. ಗಾಳಿಯ ಒತ್ತಡದಿಂದ ಬಿಯರ್ ಮೇಲೆ ಬರುತ್ತದೆ. ಇದು ಸ್ಕಾಟ್ಲೆಂಡಿನದೇ ಪದ್ಧತಿ. ನೊರೆ ಬಿಗಿಯಾಗಿ, ಬೆಣ್ಣೆಯ ಹಾಗೆ ಕೂರುತ್ತದೆ.

ಈಗ ಮೀನು. ಇದನ್ನು ನನಗೆ ಕಲಿಸಿದ್ದು ಕೆಳಗಿನ ಮನೆಯ ಅಜ್ಜಿ. ಎಂಬತ್ತರ ಹತ್ತಿರದ ವಯಸ್ಸು. ಹುಟ್ಟಿದ್ದು ಸ್ಕಾಟ್ಲೆಂಡಿನ ಈಶಾನ್ಯದ ಮರೆ ಅನ್ನುವ ತೀರದಲ್ಲಿ, ಕಲನ್ ಅನ್ನುವ ಮೀನುಗಾರರ ಊರಿನ ಪಕ್ಕ. ಕಲನ್ ಸ್ಕಿಂಕ್ ಅನ್ನುವ ಸೂಪು ಆ ಊರಿನ ಹೆಸರಿನದೇ. ಹೊಗೆ ಹಾಕಿದ ಹ್ಯಾಡಕ್ ಮೀನು, ಆಲೂಗಡ್ಡೆ, ಈರುಳ್ಳಿ, ಹಾಲು. ಅಷ್ಟೇ. ಮೊದಲ ಸಲ ನಾನು ಅಂಗಡಿಯಿಂದ ಅರಿಶಿನದಂತೆ ಹೊಳೆಯುವ ಮೀನು ತಂದಿದ್ದೆ. ಅಜ್ಜಿ ಪೊಟ್ಟಣ ಬಿಚ್ಚಿ ನೋಡಿ, "ಇದು ಬಣ್ಣ ಮಗಾ, ಹೊಗೆ ಅಲ್ಲ" ಅಂದರು. ನಿಜವಾಗಿ ಹೊಗೆ ಹಿಡಿದ ಮೀನು ಮಾಸಲು ದಂತದ ಬಣ್ಣ. ಅಂಚಿನಲ್ಲಿ ಮಾತ್ರ ತುಸು ಹೊಂಬಣ್ಣ. ಅಂದಿನಿಂದ ಬಣ್ಣ ಹಾಕದ್ದನ್ನೇ ಕೇಳಿ ತರುತ್ತೇನೆ.

ಅವರು ಮಾಡುವ ರೀತಿ ಹೀಗೆ. ಈರುಳ್ಳಿಯನ್ನು ಬೆಣ್ಣೆಯಲ್ಲಿ ಬಾಡಿಸುವುದು, ಕೆಂಪಾಗಬಾರದು. ಆಲೂಗಡ್ಡೆ ಹಾಕಿ ಮುಳುಗುವಷ್ಟು ನೀರು. ಪಕ್ಕದ ಒಲೆಯಲ್ಲಿ ಹಾಲಿನಲ್ಲಿ ಮೀನು, ಒಂದು ಬೇ ಎಲೆ, ಐದಾರು ನಿಮಿಷ. ಮೀನು ತೆಗೆದು, ಚರ್ಮ ಮುಳ್ಳು ಬಿಡಿಸಿ, ದೊಡ್ಡ ದೊಡ್ಡ ಪದರಗಳಾಗಿ ಬಿಡಿಸಿಟ್ಟುಕೊಳ್ಳುವುದು. ಆ ಹಾಲನ್ನು ಆಲೂಗಡ್ಡೆಗೆ ಸುರಿದು, ಅರ್ಧ ಆಲೂಗಡ್ಡೆಯನ್ನು ಪಾತ್ರೆಯಲ್ಲೇ ಚಮಚದ ಹಿಂಭಾಗದಿಂದ ಒತ್ತಿ ಮಸೆಯುವುದು. ಸೂಪು ಗಟ್ಟಿಯಾಗುವುದು ಅದರಿಂದಲೇ, ಹಿಟ್ಟಿನಿಂದ ಅಲ್ಲ. ಮೀನು ಕೊನೆಗೆ. ಆಮೇಲೆ ಕೈ ಆಡಿಸಬಾರದು.

ಇದಕ್ಕೆ ನಾನು ಕಪ್ಪು ಸ್ಟೌಟ್ ಕೊಟ್ಟು ನೋಡಿದ್ದೇನೆ. ಚೆನ್ನಾಗಿಲ್ಲ. ಹಾಲಿನ ಮೇಲೆ ಸುಟ್ಟ ಕಾಳಿನ ರುಚಿ ಬಿದ್ದು, ಸೂಪು ತಳ ಹಿಡಿದ ಹಾಗೆ ಅನ್ನಿಸುತ್ತದೆ. ಕಹಿ ಐಪಿಎ ಕೊಟ್ಟರೆ ಮೀನಿನಿಂದ ಲೋಹ ನೆಕ್ಕಿದಂಥ ರುಚಿ ಬರುತ್ತದೆ. 80/- ಕೆಡಿಸುವುದಿಲ್ಲ, ಆದರೆ ಹೊಗೆಯನ್ನು ಮುಚ್ಚಿಬಿಡುತ್ತದೆ. ಹೊಂದಿದ್ದು ಫ್ರೋಖ್. ಆಲೋವಾದ ವಿಲಿಯಮ್ಸ್ ಬ್ರದರ್ಸ್ ಮಾಡುವ ಹೆದರ್ ಏಲ್, 5 ಶೇಕಡಾ. ಗೇಲಿಕ್ ಭಾಷೆಯಲ್ಲಿ ಫ್ರೋಖ್ ಅಂದರೆ ಹೆದರ್, ಇಲ್ಲಿನ ಬೆಟ್ಟಗಳಲ್ಲಿ ನೇರಳೆ ಬಣ್ಣಕ್ಕೆ ಅರಳುವ ಪೊದೆ. ಬಿಯರಿಗೆ ಆ ಹೂವು ಹಾಕುತ್ತಾರೆ, ಜೊತೆಗೆ ಬಾಗ್ ಮರ್ಟಲ್ ಅನ್ನುವ ಜೌಗು ನೆಲದ ಸೊಪ್ಪು. ಕಹಿ ಬಹಳ ಕಡಿಮೆ. ಸ್ವಲ್ಪ ಜೇನು, ಸ್ವಲ್ಪ ಒಣಹುಲ್ಲು, ಕೊನೆಗೆ ಯಾವುದೋ ಸೊಪ್ಪಿನ ತಂಪು. ಹಾಲಿನ ಮೃದು ಹಾಗೇ ಉಳಿಯುತ್ತದೆ. ಹೊಗೆ ಮುಂದೆ ಬರುತ್ತದೆ.

"ಸೂಪಿಗೆ ಬ್ರೆಡ್ ಸಾಕು, ಬಿಯರ್ ಯಾಕೆ?" ಅಂತ ಅಜ್ಜಿ ಮೊದಲು ಒಪ್ಪಲಿಲ್ಲ. ಅರ್ಧ ಗ್ಲಾಸ್ ಸುರಿದು ಅವರ ಬಟ್ಟಲ ಪಕ್ಕ ಇಟ್ಟೆ. ಎರಡು ಚಮಚ ಸೂಪು, ಒಂದು ಗುಟುಕು, ಮತ್ತೆ ಸೂಪು. ಏನೂ ಹೇಳಲಿಲ್ಲ. ಮುಂದಿನ ವಾರ ಮೆಟ್ಟಿಲ ಹತ್ತಿರ ಸಿಕ್ಕಾಗ, "ಆ ಹೂವಿನ ಬಾಟಲಿ ಯಾವ ಅಂಗಡಿಯದು?" ಅಂತ ಕೇಳಿದರು. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ.

ಆರ್‌ಬ್ರೋತ್ ಸ್ಮೋಕಿ ಬೇರೆ ಥರ. ಅದೂ ಹ್ಯಾಡಕ್ಕೇ, ಆದರೆ ಬಿಸಿ ಹೊಗೆಯಲ್ಲಿ ಪೂರ್ತಿ ಬೇಯಿಸಿದ್ದು. ಎರಡೆರಡು ಮೀನಿನ ಬಾಲ ಸೇರಿಸಿ ದಾರ ಕಟ್ಟಿ, ಕೋಲಿಗೆ ನೇತುಹಾಕಿ, ಗಟ್ಟಿ ಮರದ ಬೆಂಕಿಯ ಮೇಲಿಟ್ಟು ಗೋಣಿ ಮುಚ್ಚುತ್ತಾರೆ. 2004ರಿಂದ ಆ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ಆರ್‌ಬ್ರೋತ್ ಸುತ್ತಮುತ್ತ ಮಾಡಿದ್ದಕ್ಕೆ ಮಾತ್ರ ಆ ಹೆಸರು. ಅದನ್ನು ಬಂದರಿನ ಪಕ್ಕ ಕಾಗದದಲ್ಲಿ ಬಿಸಿಬಿಸಿ ತಗೊಂಡು ಕೈಯಲ್ಲೇ ಬಿಡಿಸಿ ತಿನ್ನಬೇಕು. ಉಪ್ಪು, ಹೊಗೆ, ಎಣ್ಣೆ, ಮೂರೂ ಜಾಸ್ತಿ. ಇದಕ್ಕೆ ತಣ್ಣನೆಯ ಲಾಗರ್. ಬೇರೆ ಯೋಚನೆಯೇ ಬೇಡ. ಗ್ಲಾಸ್ಗೋದ ವೆಲ್‌ಪಾರ್ಕ್ ಬ್ರೂವರಿಯಲ್ಲಿ 1885ರಿಂದ ಟೆನೆಂಟ್ಸ್ ಲಾಗರ್ ಮಾಡುತ್ತಿದ್ದಾರೆ. ಬಿಯರ್ ಓದಿದವರು ಅದನ್ನು ಲೆಕ್ಕಕ್ಕೆ ಇಡುವುದಿಲ್ಲ. ನಾನು ಇಡುತ್ತೇನೆ. ಉಪ್ಪು ಮೀನಿನ ಮೇಲೆ ಅದು ಮಾಡುವ ಕೆಲಸವನ್ನು ದುಬಾರಿ ಬಾಟಲಿಗಳು ಮಾಡುವುದಿಲ್ಲ.

ಪೈ ಬಗ್ಗೆ ಹೇಳದಿದ್ದರೆ ಇಲ್ಲಿನ ಜನ ನನ್ನನ್ನು ಕ್ಷಮಿಸುವುದಿಲ್ಲ. ಸ್ಕಾಚ್ ಪೈ ಅಂದರೆ ಅಂಗೈ ಅಗಲದ ದುಂಡನೆಯ ಪೈ. ಬಿಸಿನೀರು ಕೊಬ್ಬು ಹಾಕಿ ಕಲಸಿದ ಗಟ್ಟಿ ಹಿಟ್ಟಿನ ಗೋಡೆ, ಒಳಗೆ ಮೆಣಸು ಹಾಕಿದ ಕುರಿಮಾಂಸದ ಖೀಮಾ. ಮುಚ್ಚಳ ಅಂಚಿಗಿಂತ ಸ್ವಲ್ಪ ಕೆಳಗೆ ಇರುತ್ತದೆ. ಆ ತಗ್ಗಿನಲ್ಲಿ ಗ್ರೇವಿ ಹಾಕಿಕೊಳ್ಳಬಹುದು. ಇದು ಫುಟ್‌ಬಾಲ್ ಮೈದಾನದ ತಿಂಡಿ. ಆದರೆ ಮೈದಾನದಲ್ಲಿ ಅದಕ್ಕೆ ಬಿಯರ್ ಸಿಗುವುದಿಲ್ಲ. 1980ರ ಸ್ಕಾಟಿಷ್ ಕಪ್ ಫೈನಲ್‌ನಲ್ಲಿ ಹ್ಯಾಂಪ್‌ಡೆನ್ ಪಾರ್ಕ್‌ನಲ್ಲಿ ಸೆಲ್ಟಿಕ್ ಮತ್ತು ರೇಂಜರ್ಸ್ ಅಭಿಮಾನಿಗಳು ಹೊಡೆದಾಡಿದರು. ಅದಾದ ಮೇಲೆ ಆಟ ನೋಡುವವರಿಗೆ ಮದ್ಯ ಮಾರುವುದನ್ನು ಕಾನೂನು ತಡೆಯಿತು. ಹಾಗಾಗಿ ಪೈ ಜೊತೆ ಬಾವ್ರಿಲ್, ಅಂದರೆ ದನದ ಮಾಂಸದ ಸಾರದಿಂದ ಮಾಡಿದ ಬಿಸಿ ಕಷಾಯ. ಚಳಿಯಲ್ಲಿ ಅದೂ ಒಳ್ಳೆಯದೇ. ಬಿಯರ್ ಬೇಕಾದರೆ ಆಟ ಮುಗಿಸಿ ಪಬ್ಬಿಗೆ ಬಂದು ಇನ್ನೊಂದು ಪೈ ತಗೊಳ್ಳಬೇಕು. ಆಗ 70/-, ಹೆವಿ. ಗಟ್ಟಿ ಹಿಟ್ಟು ಬಾಯನ್ನು ಒಣಗಿಸುತ್ತದೆ, ಹಾಗಾಗಿ ಜಾಸ್ತಿ ಕುಡಿಯಬೇಕಾಗುತ್ತದೆ. ಹೆವಿ ಹಗುರ, ಪೂರ್ತಿ ಪೈಂಟ್ ಕುಡಿದರೂ ತಲೆಗೆ ಏರುವುದಿಲ್ಲ.

ಫೋರ್‌ಫಾರ್ ಊರಿನ ಬ್ರೈಡಿಗೂ ಇದೇ ಮಾತು. ದನದ ಮಾಂಸ ತುಂಬಿ ಅರ್ಧಚಂದ್ರದ ಹಾಗೆ ಮಡಿಸಿದ್ದು. ಮೇಲೆ ಒಂದು ತೂತಿದ್ದರೆ ಈರುಳ್ಳಿ ಇಲ್ಲ, ಎರಡು ತೂತಿದ್ದರೆ ಈರುಳ್ಳಿ ಇದೆ. ಎರಡು ತೂತಿನದಕ್ಕೆ 80/- ತಗೊಳ್ಳಿ, ಈರುಳ್ಳಿಯ ಸಿಹಿಗೆ ಅದು ಸರಿ.

ಸ್ಟೋವೀಸ್ ಬಗ್ಗೆ ಬರೆಯುವುದು ಕಷ್ಟ, ಯಾಕೆಂದರೆ ನೋಡಲು ಅದರಲ್ಲಿ ಏನೂ ಇಲ್ಲ. ಹಿಂದಿನ ದಿನ ಉಳಿದ ಮಾಂಸ, ಅದರ ಕೊಬ್ಬು, ಈರುಳ್ಳಿ, ಆಲೂಗಡ್ಡೆ, ಸಣ್ಣ ಉರಿ. ಪಕ್ಕದಲ್ಲಿ ಓಟ್‌ಕೇಕ್, ಬೀಟ್‌ರೂಟ್ ಉಪ್ಪಿನಕಾಯಿ. ಮದುವೆಗಳಲ್ಲಿ ಕುಣಿದು ಸುಸ್ತಾದ ಮೇಲೆ ರಾತ್ರಿ ಇದನ್ನು ಬಡಿಸುತ್ತಾರೆ. ಬೀಟ್‌ರೂಟಿನ ಹುಳಿ ಇಲ್ಲದಿದ್ದರೆ ಯಾವ ಬಿಯರ್ ಕೊಟ್ಟರೂ ಎರಡನೇ ಬಟ್ಟಲು ಹೋಗುವುದಿಲ್ಲ. ಹುಳಿ ಇದ್ದರೆ ಲೈಟ್ ಸಾಕು, ಹೆವಿಯೂ ಸರಿ. ಸ್ಟಾರ್ನೋವೇಯ ಬ್ಲ್ಯಾಕ್ ಪುಡಿಂಗ್, ಅಂದರೆ ರಕ್ತ ಮತ್ತು ಓಟ್ಸ್ ಸೇರಿಸಿ ಮಾಡಿದ್ದು, ಅದಕ್ಕೆ ಮಾತ್ರ ಕಪ್ಪು ಬಿಯರ್ ಬೇಕು. ಆರ್ಕ್ನಿ ದ್ವೀಪದ ಡಾರ್ಕ್ ಐಲ್ಯಾಂಡ್ ಸಿಕ್ಕರೆ ಬಿಡಬೇಡಿ.

ಸಿಹಿಯಲ್ಲಿ ಒಂದನ್ನು ಬಿಟ್ಟುಬಿಡಿ. ಕ್ರ್ಯಾನಖನ್. ಕೆನೆ, ಹುರಿದ ಓಟ್ಸ್, ರಾಸ್‌ಬೆರಿ, ಜೇನು. ಅದರೊಳಗೆ ವಿಸ್ಕಿ ಇದೆ. ಯಾವ ಬಿಯರ್ ಕೊಟ್ಟರೂ ಅದರ ಮುಂದೆ ನೀರಾಗುತ್ತದೆ. ಇಲ್ಲಿ ವಿಸ್ಕಿ ಗೆದ್ದಿದೆ, ಒಪ್ಪಿಕೊಳ್ಳುತ್ತೇನೆ.

ವೀ ಹೆವಿಗೆ ಜೊತೆ ಕ್ಲೂಟಿ ಡಂಪ್ಲಿಂಗ್. ಕ್ಲೂಟ್ ಅಂದರೆ ಬಟ್ಟೆ. ಹಿಟ್ಟು, ಕೊಬ್ಬು, ಒಣದ್ರಾಕ್ಷಿ, ಟ್ರೀಕಲ್ ಅನ್ನುವ ಕಪ್ಪು ಸಕ್ಕರೆ ಪಾಕ, ಚಕ್ಕೆ, ಶುಂಠಿ ಎಲ್ಲ ಸೇರಿಸಿ ಕಲಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಕುದಿಸುವುದು. ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಮೇಲೆ ಹಿಟ್ಟು ಉದುರಿಸಬೇಕು. ಪಾತ್ರೆಯ ತಳಕ್ಕೆ ಒಂದು ತಟ್ಟೆ ಬೋರಲು ಹಾಕಬೇಕು, ಇಲ್ಲದಿದ್ದರೆ ಬಟ್ಟೆ ಸೀಯುತ್ತದೆ. ಮೂರೂವರೆ ಗಂಟೆ ಆ ತಟ್ಟೆ ಪಾತ್ರೆಯೊಳಗೆ ಟಕಟಕ ಅನ್ನುತ್ತಲೇ ಇರುತ್ತದೆ. ಸದ್ದು ನಿಂತರೆ ನೀರು ಕಡಿಮೆಯಾಗಿದೆ ಅಂತ ಅರ್ಥ. ಬೆಂದ ಮೇಲೆ ಬಟ್ಟೆ ಸುಲಿದು ಬಿಸಿ ಒಲೆಯ ಮುಂದಿಟ್ಟರೆ, ಮೇಲೆ ಹೊಳೆಯುವ ಕಂದು ಚರ್ಮ ಕಟ್ಟುತ್ತದೆ. ನಮ್ಮ ಮನೆಯಲ್ಲಿ ಆ ಚರ್ಮಕ್ಕೇ ಜಗಳ.

ಇದಕ್ಕೆ ನಾನು ಇಡುವುದು ಟ್ರಾಕ್ವೇರ್ ಹೌಸ್ ಏಲ್, 7.2 ಶೇಕಡಾ. ಇನ್ನರ್ಲೀದನ್ ಹತ್ತಿರ ಟ್ರಾಕ್ವೇರ್ ಅನ್ನುವ ಹಳೇ ಬಂಗಲೆ ಇದೆ. 1965ರಲ್ಲಿ ಮನೆಯ ಯಜಮಾನ ಪೀಟರ್ ಮ್ಯಾಕ್ಸ್‌ವೆಲ್ ಸ್ಟುವರ್ಟ್ ಅಲ್ಲಿ ಮುಚ್ಚಿಹೋಗಿದ್ದ ಹಳೇ ಬ್ರೂವರಿಯನ್ನು ಮತ್ತೆ ಶುರು ಮಾಡಿದರು. ಇಂದಿಗೂ ಅಲ್ಲಿ ಓಕ್ ಮರದ ತೊಟ್ಟಿಗಳಲ್ಲೇ ಬಿಯರ್ ಹುದುಗಿಸುತ್ತಾರೆ. ಮನೆಯ ಮುಂದೆ ಕರಡಿಗಳ ಗೇಟು. 1745ರಲ್ಲಿ ಸಿಂಹಾಸನಕ್ಕಾಗಿ ಹೋರಾಡುತ್ತಿದ್ದ ಸ್ಟುವರ್ಟ್ ರಾಜಕುಮಾರ ಬಾನಿ ಪ್ರಿನ್ಸ್ ಚಾರ್ಲಿ ಅದರ ಮೂಲಕ ಹೊರಟ ಮೇಲೆ, ಸ್ಟುವರ್ಟ್ ವಂಶದ ರಾಜ ಬರುವವರೆಗೆ ಅದನ್ನು ತೆರೆಯುವುದಿಲ್ಲ ಅಂತ ಮನೆಯವರು ಹೇಳುವ ಕಥೆ. ಇನ್ನೂ ಮುಚ್ಚಿದೆ. ನಾನು ಹೋಗುವುದು ಎಡಿನ್‌ಬರೋದಿಂದ ಎಕ್ಸ್62 ಬಸ್ಸಿನಲ್ಲಿ. ಕಾರಿನಲ್ಲಿ ಹೋಗಬೇಡಿ. 2014ರ ಡಿಸೆಂಬರಿನಿಂದ ಇಲ್ಲಿ ಕುಡಿದು ಓಡಿಸುವವರ ಮಿತಿ ಇಂಗ್ಲೆಂಡಿಗಿಂತ ಕಡಿಮೆ. 100 ಮಿಲಿಲೀಟರ್ ರಕ್ತಕ್ಕೆ 50 ಮಿಲಿಗ್ರಾಂ.

ಆ ಬಿಯರ್ ಕಪ್ಪು ಕೆಂಪು. ದ್ರಾಕ್ಷಿ, ಟ್ರೀಕಲ್, ಮರ, ಕೊನೆಗೆ ಒಣ. ಆ ಒಣತನ ಬಹಳ ಮುಖ್ಯ. ಡಂಪ್ಲಿಂಗ್ ಸಿಹಿ, ಬಿಯರೂ ಅಷ್ಟೇ ಸಿಹಿಯಾಗಿದ್ದರೆ ಎರಡನೇ ತುಂಡು ಬೇಡ ಅನ್ನಿಸುತ್ತದೆ. ಪೈಂಟ್ ಗ್ಲಾಸ್ ಬೇಡ, ವೈನ್ ಗ್ಲಾಸಿನಲ್ಲಿ ಸ್ವಲ್ಪ ಸ್ವಲ್ಪ. ಬೆಲೆ ಜಾಸ್ತಿ ಅನ್ನಿಸಬಹುದು. ಸ್ಕಾಟ್ಲೆಂಡಿನಲ್ಲಿ ಆಲ್ಕೋಹಾಲಿಗೆ ಕನಿಷ್ಠ ಬೆಲೆ ಇದೆ, 2024ರ ಸೆಪ್ಟೆಂಬರ್ 30ರಿಂದ ಯೂನಿಟ್ಟಿಗೆ (10 ಮಿಲಿಲೀಟರ್ ಶುದ್ಧ ಆಲ್ಕೋಹಾಲಿಗೆ) 65 ಪೆನ್ನಿ. 7.2 ಶೇಕಡಾದ ಅರ್ಧ ಲೀಟರಿನಲ್ಲಿ 3.6 ಯೂನಿಟ್, ಅಂದರೆ 2 ಪೌಂಡ್ 34 ಪೆನ್ನಿಗಿಂತ ಕಡಿಮೆಗೆ ಯಾರೂ ಮಾರುವಂತಿಲ್ಲ. ಟ್ರಾಕ್ವೇರ್ ಹೇಗೂ ಅದಕ್ಕಿಂತ ಮೇಲೇ ಇರುತ್ತದೆ. ಒಂದು ಬಾಟಲಿ ಮೂರು ಜನಕ್ಕೆ ಸಾಕು. ಮತ್ತೆ ನೆನಪಿರಲಿ, ಅಂಗಡಿಯಲ್ಲಿ ಬಿಯರ್ ಮಾರುವುದು ಬೆಳಿಗ್ಗೆ 10ರಿಂದ ರಾತ್ರಿ 10ರವರೆಗೆ ಮಾತ್ರ. ಡಂಪ್ಲಿಂಗ್ ಒಲೆಗೆ ಇಡುವ ಮೊದಲೇ ತಂದಿಟ್ಟುಕೊಳ್ಳಿ.

ಈ ಶನಿವಾರ ಹ್ಯಾಗಿಸ್ ನಾನು ತರುತ್ತೇನೆ, ಡಂಪ್ಲಿಂಗ್ ಕೆಳಗಿನ ಮನೆಯ ಅಜ್ಜಿಯದು. ಅವರ ಕ್ಲೂಟ್ ಹಳೇ ದಿಂಬಿನ ಹೊದಿಕೆ, ನಲವತ್ತು ವರ್ಷದ್ದಂತೆ, ಟ್ರೀಕಲ್ ಹಿಡಿದು ಕಂದಾಗಿದೆ. ರಾತ್ರಿ ಉಳಿದ ತುಂಡನ್ನು ಅವರು ಬೆಳಿಗ್ಗೆ ಬೇಕನ್ ಹುರಿದ ಬಾಣಲೆಯಲ್ಲೇ ಎರಡೂ ಕಡೆ ಗರಿಗರಿ ಆಗುವವರೆಗೆ ಹುರಿಯುತ್ತಾರೆ. ಅದಕ್ಕೆ ಬಿಯರ್ ಬೇಡ. ಹಾಲು ಹಾಕಿದ ಕಡಕ್ ಚಹಾ.